ಕಳಸದಲ್ಲಿ ಬಾಕಿ ಉಳಿದ ಮುಯ್ಯಿ

ಏಪ್ರಿಲ್ ತಿಂಗಳ ಒಂದು ಸೋಮವಾರ ಬೆಳಗ್ಗೆ ಬೆಂಗಳೂರಿನಲ್ಲಿ ಚಿಕ್ಕಮಗಳೂರಿನ ಬಸ್ಸು ಹತ್ತಿದೆ. ತೊಂಬತ್ತರ ದಶಕ ಮುಗಿಯಲು ಬಂದಿತ್ತು. ಚೀಲದಲ್ಲಿ ಎರಡು ಸೀರೆ, ನಾಲ್ಕಾರು ನಿಂಬೆಹಣ್ಣು ಮತ್ತು ಒಂದು ಪೊಟ್ಟಣ ಚಹಾಪುಡಿ ಇತ್ತು. ನಿಂಬೆಹಣ್ಣು ತಿರುವಿನ ರಸ್ತೆಗಳಿಗೆ. ನಾನು ಬಯಲುಸೀಮೆಯವಳು, ತಿರುವು ಕಂಡರೆ ಹೊಟ್ಟೆ ತೊಳಸುತ್ತದೆ. ಚಹಾಪುಡಿ ಯಾಕೆಂದರೆ ಕಾಫಿ ನನಗೆ ಒಗ್ಗುವುದಿಲ್ಲ. ಕಾಫಿ ಸೀಮೆಗೆ ಹೋಗಿ ಕಾಫಿ ಬೇಡ ಎನ್ನುವುದು ಮದುವೆ ಮನೆಗೆ ಹೋಗಿ ಊಟ ಬೇಡ ಎಂದಂತೆ ಎಂದು ಗೊತ್ತಿತ್ತು. ಆದರೆ ಎದೆಯುರಿ ಬರುವುದು ನನಗೆ ತಾನೇ.

ನಾನು ಆಗ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ರೋಗಿಗಳ ಮಾತು ಕೇಳುವ ಕೆಲಸದಲ್ಲಿದ್ದೆ. ಹುದ್ದೆಗೆ ಉದ್ದದ ಹೆಸರಿತ್ತು, ಕೆಲಸ ಮಾತ್ರ ಇಷ್ಟೇ. ನಮ್ಮ ವಿಭಾಗದ ಡಾಕ್ಟರು ಹೊರದೇಶದ ಒಂದು ಸಂಶೋಧನೆಯನ್ನು ಓದಿಕೊಂಡಿದ್ದರು. ಸ್ತನದ ಕ್ಯಾನ್ಸರ್ ಆದ ಹೆಂಗಸರು ವಾರಕ್ಕೊಮ್ಮೆ ಒಟ್ಟಿಗೆ ಕೂತು ತಮ್ಮ ಭಯವನ್ನು ಬಾಯಿಬಿಟ್ಟು ಹೇಳಿಕೊಂಡರಂತೆ. ಹಾಗೆ ಕೂತವರು ಕೂರದವರಿಗಿಂತ ಹೆಚ್ಚು ಕಾಲ ಬದುಕಿದರಂತೆ. ಆ ಫಲಿತಾಂಶ ಲೋಕದಲ್ಲೆಲ್ಲ ಸುದ್ದಿಯಾಗಿತ್ತು. ಗಡ್ಡೆಯನ್ನು ಮಾತ್ರ ನೋಡುತ್ತಿದ್ದ ಸರ್ಜನ್ನರು ಕೂಡ ರೋಗಿಯ ನಿದ್ದೆ ಹೇಗಿದೆ, ಮನಸ್ಸು ಹೇಗಿದೆ ಎಂದು ಕೇಳಲು ಶುರುಮಾಡಿದ್ದು ಅಂಥ ಸಂಶೋಧನೆಗಳಿಂದಲೇ. ಅಲ್ಲಿ ಆಗುವುದು ಮೂಡಿಗೆರೆಯಲ್ಲಿ ಯಾಕೆ ಆಗಬಾರದು ಎಂದು ನಮ್ಮ ಡಾಕ್ಟರು ಕೇಳಿದರು. ಆ ಕಡೆಯಿಂದ ಬಂದು ನಮ್ಮಲ್ಲಿ ಆಪರೇಷನ್ ಮಾಡಿಸಿಕೊಂಡ ಐದು ಹೆಂಗಸರನ್ನು ಮೂಡಿಗೆರೆಯಲ್ಲಿ ಒಟ್ಟಿಗೆ ಕೂರಿಸಿ ನೋಡಬೇಕು ಎಂಬುದು ನನ್ನ ಪ್ರಯಾಣದ ಉದ್ದೇಶ.

ಹೊರಡುವ ಮೊದಲು ಅವರು ನಿಯಮಗಳನ್ನು ಹೇಳಿದ್ದರು. ಕುರ್ಚಿಗಳನ್ನು ವೃತ್ತವಾಗಿ ಹಾಕಬೇಕು. ಒಬ್ಬರ ಮುಖ ಒಬ್ಬರಿಗೆ ಕಾಣಬೇಕು. ಕೈಯಲ್ಲಿ ಬೇರೆ ಕೆಲಸ ಇರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಒಬ್ಬರು ನನಗೆ ಹೇಳಿದ್ದನ್ನು ನಾನು ಇನ್ನೊಬ್ಬರ ಕಿವಿಗೆ ಮುಟ್ಟಿಸಬಾರದು. ಈ ಕೊನೆಯದನ್ನು ನಾನು ಅದುವರೆಗೆ ಎಂದೂ ಮುರಿದಿರಲಿಲ್ಲ.

ಹಾಸನ, ಬೇಲೂರು ದಾಟಿ ಚಿಕ್ಕಮಗಳೂರು ಸೇರುವಾಗ ಮಧ್ಯಾಹ್ನದ ಬಿಸಿಲು ಸುಡುತ್ತಿತ್ತು. ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಅನ್ನ ಸಾರು ಊಟ ಮಾಡಿ ಮೂಡಿಗೆರೆಯ ಬಸ್ಸು ಹಿಡಿದೆ. ಮೂವತ್ತು ಕಿಲೋಮೀಟರಿಗೆ ಒಂದು ಗಂಟೆಯ ಮೇಲೆ ಹಿಡಿಯಿತು. ರಸ್ತೆಯ ಎರಡೂ ಕಡೆ ಕಾಫಿ ಹೂವು ಆಗಲೇ ಬಾಡಿ ಕಂದುಬಣ್ಣಕ್ಕೆ ತಿರುಗಿತ್ತು. ಪಕ್ಕದಲ್ಲಿ ಕೂತ ಹಿರಿಯರೊಬ್ಬರು ಕಿಟಕಿಯಾಚೆ ನೋಡುತ್ತ, "ಹೂಮಳೆ ಬಂತು, ಅದ್ರ ಹಿಂದೆ ಕಾಯಿ ಕಟ್ಟಿಸೋ ಮಳೆ ಬರ್ಲಿಲ್ಲ" ಎಂದರು. ನನಗೆ ಹೇಳಿದ್ದೋ, ಗಿಡಕ್ಕೆ ಹೇಳಿದ್ದೋ ತಿಳಿಯಲಿಲ್ಲ.

ಮೂಡಿಗೆರೆಯಲ್ಲಿ ಕಲ್ಯಾಣ ಮಂಟಪದ ಪಕ್ಕದ ಕೋಣೆಯೊಂದನ್ನು ಗೊತ್ತುಮಾಡಿದ್ದೆವು. ಮರುದಿನ ಬೆಳಗ್ಗೆ ನಾನೇ ಕುರ್ಚಿಗಳನ್ನು ವೃತ್ತವಾಗಿ ಜೋಡಿಸಿದೆ. ಐವರಲ್ಲಿ ಮೂವರು ಬಂದರು, ಮೂವರ ಜೊತೆಗೂ ಒಬ್ಬೊಬ್ಬ ಗಂಡಸು. ಗಂಡಸರು ವೃತ್ತದಲ್ಲಿ ಕೂತರು. ಹೆಂಗಸರು ಕುರ್ಚಿಗಳನ್ನು ಗೋಡೆಯ ಬದಿಗೆ ಎಳೆದುಕೊಂಡು ಕೂತರು. ಬಣಕಲ್ ಕಡೆಯ ಪ್ಲಾಂಟರ್ ಗೌಡರೊಬ್ಬರು ನನ್ನನ್ನು ಬಾಗಿಲ ಹೊರಗೆ ಕರೆದರು.

"ಮೇಡಂ, ನಮ್ಮನೆಯವ್ರಿಗೆ ಗಡ್ಡೆ ಅಂತ ಹೇಳಿದೀವಿ. ನೀವೂ ಅಷ್ಟೇ ಹೇಳಿ. ಆ ಹೆಸ್ರು ಎತ್ತಬೇಡಿ."

"ಅವರಿಗೆ ಗೊತ್ತಿಲ್ವಾ?"

"ಗೊತ್ತಿರಬಹುದು. ಆದ್ರೆ ನಾವು ಹೇಳಿಲ್ಲ" ಎಂದರು ಗೌಡರು.

ಒಳಗೆ ಬಂದು ನಾನು ಮಾತು ಶುರುಮಾಡಿದೆ. ಊರಿಗೆ ವಾಪಸಾದ ಮೇಲೆ ದಿನಗಳು ಹೇಗೆ ಕಳೆಯುತ್ತಿವೆ ಎಂದು ಹೆಂಗಸರ ಕಡೆ ನೋಡಿ ಕೇಳಿದೆ. "ಆರಾಮಿದಾಳೆ" ಎಂದು ಗೌಡರು ಉತ್ತರ ಕೊಟ್ಟರು. "ನಮ್ಮಮ್ಮನೂ ಆರಾಮಿದಾರೆ" ಎಂದ ಇನ್ನೊಬ್ಬರ ಮಗ. ಮೂರನೆಯವರು ಎಸ್ಟೇಟೊಂದರ ಲೆಕ್ಕ ಬರೆಯುವ ರೈಟರು, ಅವರು ನನ್ನ ಪ್ರಶ್ನೆಯನ್ನು ದಾಟಿ ಗೌಡರನ್ನು ಕೇಳಿದರು: "ನಿಮ್ಮಲ್ಲಿ ಎಷ್ಟು ಸೆಂಟ್ಸ್ ಬಂತು?" ಇಲ್ಲಿ ಮಳೆಯನ್ನು ಸೆಂಟ್ಸಿನಲ್ಲಿ ಅಳೆಯುತ್ತಾರೆ, ನೂರು ಸೆಂಟ್ಸ್ ಆದರೆ ಒಂದು ಇಂಚು. "ಎಂಬತ್ತು. ನಿಮ್ಮಲ್ಲಿ?" ಎಂದರು ಗೌಡರು. ಅಲ್ಲಿಂದ ಮುಂದೆ ಮಳೆ ನಿಲ್ಲಲಿಲ್ಲ. ಹೆಂಗಸರು ಸೆರಗು ಹೊದ್ದು ನೆಲ ನೋಡುತ್ತ ಕೂತಿದ್ದರು.

ಕಾಫಿ ಬಂತು. ಎಲ್ಲರೂ ಕುಡಿದರು, ನಾನು ನೀರು ಕುಡಿದೆ. ಹೆಂಗಸರು ಮೂವರೂ ಎದ್ದು, ಬೇಡವೆಂದರೂ ಕೇಳದೆ, ಲೋಟಗಳನ್ನು ಹಿತ್ತಲ ನಲ್ಲಿಗೆ ಒಯ್ದರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಮಾತು ಕೇಳಿಸಿತು. ಬಾಗಿಲ ಮರೆಯಲ್ಲಿ ನಿಂತು ಕೇಳಿದೆ. ರವಿಕೆಯೊಳಗೆ ಹತ್ತಿ ಇಟ್ಟುಕೊಂಡರೆ ಜಾರುತ್ತದೆ, ಹಳೇ ಪಂಚೆಯ ಬಟ್ಟೆಯಲ್ಲಿ ರಾಗಿ ತುಂಬಿ ಹೊಲಿದರೆ ಭಾರ ಸರಿಹೋಗುತ್ತದೆ ಎಂದು ಗೌಡರ ಹೆಂಡತಿ ಲೋಟ ತಿಕ್ಕುತ್ತ ಹೇಳುತ್ತಿದ್ದರು. ಉಳಿದಿಬ್ಬರೂ ಹೂಂಗುಟ್ಟುತ್ತಿದ್ದರು. ನಾನು ಕಾಣಿಸಿಕೊಂಡೆ. ಮಾತು ನಿಂತಿತು, ಲೋಟಗಳು ತೊಳೆದು ಮುಗಿದವು.

ಮಧ್ಯಾಹ್ನ ಎಸ್‌ಟಿಡಿ ಬೂತಿನಿಂದ ಡಾಕ್ಟರಿಗೆ ಫೋನು ಮಾಡಿ ಯಾರೂ ಮಾತಾಡಲಿಲ್ಲ ಎಂದೆ. "ಕುರ್ಚಿ ವೃತ್ತವಾಗಿ ಹಾಕಿದ್ರಾ?" ಎಂದು ಕೇಳಿದರು. ಹಾಕಿದ್ದೆ ಎಂದೆ. ಬಾರದ ಇಬ್ಬರಲ್ಲಿ ಒಬ್ಬರ ಮನೆಯಲ್ಲಿ ಮದುವೆಯಿತ್ತು. ಇನ್ನೊಬ್ಬರು ಕಳಸದ ಸಾವಿತ್ರಮ್ಮ, ಅವರಿಂದ ಸುದ್ದಿಯೇ ಇರಲಿಲ್ಲ. ಅವರು ಆಸ್ಪತ್ರೆಯ ತಪಾಸಣೆಗೂ ಬಾರದೆ ವರ್ಷವಾಗುತ್ತ ಬಂದಿತ್ತು. ಈ ರೋಗದಲ್ಲಿ ತಪಾಸಣೆ ತಪ್ಪಿಸುವುದು ಹುಡುಗಾಟವಲ್ಲ; ಮರುಕಳಿಸಿದರೆ ಬೇಗ ಕಂಡುಹಿಡಿಯಬೇಕು. "ಹೋಗಿ ನೋಡ್ಕೊಂಡು ಬನ್ನಿ. ಗುಂಪು ಆಗದಿದ್ರೂ ಆಯ್ತು, ಅವ್ರು ಬರ್ಬೇಕು" ಎಂದರು ಡಾಕ್ಟರು.

ಬುಧವಾರ ಬೆಳಗ್ಗೆ ಕೊಟ್ಟಿಗೆಹಾರದಲ್ಲಿ ಇಳಿದೆ. ಚಾರ್ಮಾಡಿ ಘಾಟಿಯ ಕಡೆಗೆ ಹೋಗುವ ಲಾರಿಗಳೆಲ್ಲ ಅಲ್ಲಿ ತಿಂಡಿಗೆ ನಿಲ್ಲುತ್ತವೆ. ನೀರುದೋಸೆ, ಕಾಯಿಚಟ್ನಿ ತಿಂದೆ, ಚೆನ್ನಾಗಿತ್ತು, ಇನ್ನೊಂದು ಸುತ್ತು ಹಾಕಿಸಿಕೊಂಡೆ. ಚಹಾ ಕೇಳಿದ್ದಕ್ಕೆ ಹೋಟೆಲಿನವರು ಬೇಸರದಿಂದಲೇ ಮಾಡಿಕೊಟ್ಟರು. ಕಳಸದ ಖಾಸಗಿ ಬಸ್ಸು ಜಾವಳಿ ದಾಟುವವರೆಗೆ ನಾನು ಮನುಷ್ಯರ ಹಾಗಿದ್ದೆ. ಆಮೇಲೆ ನಿಂಬೆಹಣ್ಣು ಮೂಸುತ್ತ ಕಣ್ಣು ಮುಚ್ಚಿಕೊಂಡು ಕೂತೆ. "ಕಳಸ ಬಂತು ಅಕ್ಕ, ಕಣ್ಣು ಬಿಡಿ" ಎಂದು ಕಂಡಕ್ಟರು ಹೇಳಿದಾಗ ಹನ್ನೊಂದು ದಾಟಿತ್ತು. ಮಲೆನಾಡೆಂದರೆ ತಂಪು ಎಂದುಕೊಂಡು ಹೋದವಳಿಗೆ ಅಲ್ಲಿನ ಸೆಕೆ ಸಾಕುಸಾಕಾಯಿತು.

ಸಾವಿತ್ರಮ್ಮನ ಮನೆ ಪೇಟೆಯಿಂದ ಆಟೋದಲ್ಲಿ ಸ್ವಲ್ಪ ದೂರ. ಐದಾರು ಮನೆಗಳು ಒಂದರ ಪಕ್ಕ ಒಂದು, ನಡುವೆ ದಾಸವಾಳದ ಬೇಲಿ. ಅವರ ಗಂಡ ಹೈಸ್ಕೂಲಿನ ಮೇಷ್ಟ್ರು, ಪರೀಕ್ಷೆಯ ಪೇಪರು ತಿದ್ದುವ ಕೆಲಸಕ್ಕೆ ಚಿಕ್ಕಮಗಳೂರಿಗೆ ಹೋಗಿದ್ದರು. ಸಾವಿತ್ರಮ್ಮನಿಗೆ ಐವತ್ತರ ಆಸುಪಾಸು, ಎತ್ತರದ ಹೆಂಗಸು. ಎಡಗೈ ಊದಿತ್ತು, ಎದೆಯ ಜೊತೆಗೆ ಕಂಕುಳಿನ ಗಂಟುಗಳನ್ನೂ ತೆಗೆದ ಮೇಲೆ ಕೆಲವರಿಗೆ ಹಾಗಾಗುತ್ತದೆ. ಮೇಷ್ಟ್ರು ಅಡುಗೆಗೆ ಒಬ್ಬ ಹೆಂಗಸನ್ನು ಇಟ್ಟಿದ್ದರು. ಒಲೆ, ಪೊರಕೆ, ಬಿಂದಿಗೆ ಯಾವುದನ್ನೂ ಸಾವಿತ್ರಮ್ಮ ಮುಟ್ಟುವಂತಿರಲಿಲ್ಲ. ನನ್ನ ಚಹಾಪುಡಿಯನ್ನು ನೋಡಿ ಅವರು ನಕ್ಕರು, "ಪಾಪ, ಕಷಾಯ ಕುಡಿಯೋರು" ಎಂದು ಅಡುಗೆಯವಳಿಗೆ ಕೊಟ್ಟರು.

ತಪಾಸಣೆಗೆ ಯಾಕೆ ಬರಲಿಲ್ಲ ಎಂದು ಕೇಳಿದೆ. "ಬಂದು ಎಂತ ಮಾಡೋದು ಮೇಡಂ?" ಎಂದರು. ನಿದ್ದೆ ಬರುತ್ತದೆ, ಊಟ ಸೇರುತ್ತದೆ, ಎಲ್ಲ ಸರಿ ಇದೆ. ನನ್ನ ಪ್ರಶ್ನೆಗಳೆಲ್ಲ ಮುಗಿದವು. ಆ ಉತ್ತರಗಳ ಪ್ರಕಾರ ಅವರಷ್ಟು ಸುಖಿ ಇಡೀ ಜಿಲ್ಲೆಯಲ್ಲಿ ಇರಲಿಲ್ಲ.

ಅಷ್ಟರಲ್ಲಿ ಬೇಲಿಯಾಚೆ ಒನಕೆಯ ಸದ್ದು ಶುರುವಾಯಿತು. ಸಾವಿತ್ರಮ್ಮನ ಮುಖ ಆ ಕಡೆ ತಿರುಗಿತು. "ಗೌರಕ್ಕನ ಮನೇಲಿ ಹಲಸಿನಕಾಯಿ ಹಪ್ಪಳ. ನಾಳೆಗೆ ತಯಾರಿ" ಎಂದರು. ಆಮೇಲೆ ತಾವಾಗಿಯೇ ಹೇಳತೊಡಗಿದರು.

"ಇಲ್ಲಿ ಹಪ್ಪಳ ಮುಯ್ಯಿ ಮೇಲೆ ನಡೀತದೆ ಮೇಡಂ. ಇವತ್ತು ಅವ್ರ ಮನೆ ಕೆಲ್ಸಕ್ಕೆ ನಾವು, ನಾಳೆ ನಮ್ಮನೆ ಕೆಲ್ಸಕ್ಕೆ ಅವ್ರು. ದುಡ್ಡಿಲ್ಲ ಕಾಸಿಲ್ಲ, ಕೈಗೆ ಕೈ. ಮದ್ವೆಯಾಗಿ ಬಂದ ವರ್ಷದಿಂದ ನಾನು ತಪ್ಪಿಸಿದೋಳಲ್ಲ. ಆಪರೇಷನ್ ಆದ ವರ್ಷ ನನ್ನ ಕರೀಲಿಲ್ಲ, ಹೋಗ್ಲಿ, ಗಾಯ ಹಸಿ ಇತ್ತು. ಹೋದ ವರ್ಷವೂ ಕರೀಲಿಲ್ಲ. ಈ ವರ್ಷವೂ ಇಲ್ಲ."

"ನಿಮಗೆ ಸುಸ್ತಾಗುತ್ತೆ ಅಂತ ಇರಬಹುದು" ಎಂದೆ.

"ಅಲ್ಲ. ಮುಯ್ಯಿ ಅಂದ್ರೆ ಲೆಕ್ಕ ಮುಂದಕ್ಕೆ ಹೋಗ್ಬೇಕು. ಮುಂದಿನ ವರ್ಷ ಇರ್ತಾಳೋ ಇಲ್ವೋ ಅನ್ನೋಳ ಜೊತೆ ಯಾರು ಲೆಕ್ಕ ಇಟ್ಕೋತಾರೆ? ಅವ್ರಿಗೆಲ್ಲ ಗೊತ್ತಾಗಿದೆ. ಡಾಕ್ಟ್ರು ನಂಗೆ ಹೇಳ್ದೇ ಇದ್ದಿದ್ದನ್ನ ಮೇಷ್ಟ್ರು ಅವ್ರಿಗೆ ಹೇಳಿರ್ಬೇಕು. ಮತ್ತೆ ನಾನ್ಯಾಕೆ ಬೆಂಗ್ಳೂರಿಗೆ ಬರ್ಲಿ?"

ಅವರ ಹಿಂದಿನ ವರದಿ ನನಗೆ ಗೊತ್ತಿತ್ತು. ಅದು ಚೆನ್ನಾಗಿತ್ತು, ಡಾಕ್ಟರು ಮುಚ್ಚಿಟ್ಟದ್ದು ಏನೂ ಇರಲಿಲ್ಲ. ಹಾಗೆಂದು ಹೇಳಿದೆ. "ನೀವು ಹಾಗೆ ಹೇಳ್ಲೇಬೇಕಲ್ಲ" ಎಂದು ಅವರು ಮುಗುಳ್ನಕ್ಕರು. ನನಗೆ ಸಿಟ್ಟೂ ಬಂತು, ದುಃಖವೂ ಆಯಿತು. ನಿಜ ಹೇಳಿದರೂ ನಂಬದಷ್ಟು ಸುಳ್ಳನ್ನು ನಾವೆಲ್ಲ ಸೇರಿ ಈ ರೋಗದ ಸುತ್ತ ಕಟ್ಟಿದ್ದೇವೆ.

ಸಂಜೆ ಕೈಯ ವ್ಯಾಯಾಮ ತೋರಿಸಿಕೊಟ್ಟೆ. ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ನಡೆಸಬೇಕು. ಅವರ ಕೈ ಭುಜದ ಮಟ್ಟಕ್ಕೆ ಬಂದು ನಿಂತಿತು. "ಕೆಲ್ಸ ಮಾಡ್ಬೇಡಿ ಅಂತ ಅಲ್ವಾ ಹೇಳಿದ್ದು?" ಎಂದರು. ಡಾಕ್ಟರು ಭಾರ ಎತ್ತಬೇಡಿ ಎಂದಿದ್ದರು ಅಷ್ಟೇ, ಸಣ್ಣಪುಟ್ಟ ಕೆಲಸಕ್ಕೆ ಕೈ ಆಡಿಸಿದರೆ ಒಳ್ಳೆಯದು ಎಂದೆ. ಅವರು ಬೇಲಿಯ ಕಡೆ ನೋಡಿ ಕೇಳಿದರು: "ಹಪ್ಪಳ ಒತ್ತಬಹುದಾ?" ಕುಟ್ಟುವುದು ಬೇಡ, ಒತ್ತಬಹುದು, ಬಲಗೈಯ ಜೋರಿನಲ್ಲಿ ಒತ್ತಿ, ನೋವಾದರೆ ನಿಲ್ಲಿಸಿ ಎಂದೆ. ಆ ರಾತ್ರಿ ಅವರ ಮನೆಯಲ್ಲೇ ಉಳಿದೆ.

ಗುರುವಾರ ಬೆಳಗ್ಗೆ ನಾನೂ ಸಾವಿತ್ರಮ್ಮನೂ ಅಂಗಳದಲ್ಲಿ ನಿಂತಿದ್ದೆವು. ಬೇಲಿಯಾಚೆಯಿಂದ ಗೌರಕ್ಕ ಇಣುಕಿದರು. ಗಿಡ್ಡನೆಯ, ದೊಡ್ಡ ದನಿಯ ಹೆಂಗಸು. "ಬೆಂಗ್ಳೂರಿನ ಅಮ್ಮ, ನಿಮ್ಮ ಬಸ್ಸು ಸಂಜೆಗಲ್ದಾ? ಕೈ ಖಾಲಿ ಇದ್ರೆ ಬನ್ನಿ, ಇವತ್ತು ಜನ ಕಮ್ಮಿ" ಎಂದರು. ಪಕ್ಕದಲ್ಲೇ ನಿಂತವರನ್ನು ಕರೆಯಲಿಲ್ಲ. "ಹೋಗಿ ಬನ್ನಿ ಮೇಡಂ" ಎಂದು ಸಾವಿತ್ರಮ್ಮ ಒಳಗೆ ಹೋದರು. ಹೋಗಬಾರದು ಅನ್ನಿಸಿತು. ಆದರೂ ಹೋದೆ.

ಗೌರಕ್ಕನ ಜಗುಲಿಯಲ್ಲಿ ನಾಲ್ವರು ಹೆಂಗಸರಿದ್ದರು. ಬೇಯಿಸಿ ಕುಟ್ಟಿದ ಹಲಸಿನ ಸೊಳೆಗೆ ಮೆಣಸು, ಕೊತ್ತಂಬರಿ, ಉಪ್ಪು ಬೆರೆಸಿ ಉಂಡೆ ಕಟ್ಟುತ್ತಾರೆ. ಉಂಡೆಯನ್ನು ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಮಣೆಯಿಂದ ಒತ್ತುತ್ತಾರೆ. ಅಂಗಳದ ತುಂಬ ಚಾಪೆ ಹಾಸಿ ಒಣಗಿಸುತ್ತಾರೆ. ನಾನು ಒತ್ತಿದ್ದು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೂತು. "ಇದು ಕರ್ನಾಟಕದ ನಕ್ಷೆ" ಎಂದು ಒಬ್ಬಾಕೆ ಎತ್ತಿ ತೋರಿಸಿದಳು. ನನ್ನನ್ನು ಒಣಗಿದ್ದನ್ನು ಮಗುಚುವ ಕೆಲಸಕ್ಕೆ ಹಾಕಿದರು.

ಮಧ್ಯಾಹ್ನದ ಊಟದ ಮೇಲೆ ಗೌರಕ್ಕ ನನ್ನ ಪಕ್ಕ ಕೂತು, ದನಿ ತಗ್ಗಿಸಿ ಕೇಳಿದರು: "ಸಾವಿತ್ರಿ ಹೇಗಿದಾಳೆ ಮೇಡಂ?"

"ನೀವೇ ಕೇಳಬಹುದಲ್ಲ. ಬೇಲಿ ದಾಟಿದರೆ ಮನೆ."

"ಹೇಗೆ ಕೇಳೋದು? ಕೇಳಿದ್ರೆ ಕೈ ವಿಷ್ಯ ಬರ್ತದೆ. ಕೈ ವಿಷ್ಯ ಬಂದ್ರೆ ಆ ರೋಗದ ವಿಷ್ಯ ಬರ್ತದೆ" ಎಂದ ಗೌರಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. "ಕರೀಬೇಕು ಅಂತ ನಂಗೆ ಆಸೆ ಇಲ್ವಾ? ಹಪ್ಪಳದ ಮನೆಗೆ ಬಂದು ಕೈ ಕಟ್ಕಂಡು ಕೂರೋದು ನಮ್ಮಲ್ಲಿ ಇಲ್ಲ. ಅವ್ಳಂತೂ ಕೂರೋ ಪೈಕಿಯೇ ಅಲ್ಲ. ಆ ಊದಿದ ಕೈಯಿಂದ ಮುಯ್ಯಿ ತಗಂಡ್ರೆ ದೇವ್ರು ಮೆಚ್ತಾನಾ? ಮೇಷ್ಟ್ರು ಬೇರೆ, ಕೆಲ್ಸಕ್ಕೆ ಕರೀಬೇಡಿ ಅಂತ ಕೈ ಮುಗ್ದು ಹೇಳಿದಾರೆ."

ಬೇಲಿಯ ಈ ಕಡೆ ಒಂದು ಮಾತು, ಆ ಕಡೆ ಒಂದು ಮಾತು, ಎರಡೂ ನನ್ನ ಹೊಟ್ಟೆಯಲ್ಲಿ. ಎರಡನ್ನೂ ಸೇರಿಸಿದರೆ ಒಂದು ನಿಮಿಷದಲ್ಲಿ ಎಲ್ಲ ಬಗೆಹರಿಯುತ್ತಿತ್ತು. ಆದರೆ ಸಾವಿತ್ರಮ್ಮ ನನಗೆ ಹೇಳಿದ್ದು ನನಗೆ ಮಾತ್ರ. ಇಷ್ಟು ಸಂಕಟದ ಮೌನ ನನ್ನ ಕೆಲಸದಲ್ಲಿ ಬೇರೆ ಇರಲಿಲ್ಲ. ಹಪ್ಪಳ ಮಗುಚುತ್ತ ಕೂತೆ.

ಮೂರು ಗಂಟೆಯ ಹೊತ್ತಿಗೆ ಕುದುರೆಮುಖದ ಕಡೆಯಿಂದ ಮೋಡ ಏರಿತು. ನಾನು ಎದ್ದು ನಿಂತು, ಇಷ್ಟು ಹಪ್ಪಳ ಎತ್ತಲು ಯಾರನ್ನು ಕರೆಯುತ್ತೀರಿ ಎಂದು ಕೇಳಿದೆ. "ಮಳೆಗೆ ಎತ್ತೋದಕ್ಕೆ ಕರೆ ಬೇಡ ಮೇಡಂ, ಕಂಡೋರು ಓಡಿ ಬರ್ಬೇಕು. ಅದಕ್ಕೆ ಮುಯ್ಯಿನೂ ಇಲ್ಲ" ಎಂದರು ಗೌರಕ್ಕ, ಆಗಲೇ ಅಂಗಳಕ್ಕೆ ಇಳಿಯುತ್ತ. ಮೊದಲ ಹನಿಗಳು ದಪ್ಪಗೆ ಬಿದ್ದವು. ನಾವೆಲ್ಲ ಚಾಪೆಗಳನ್ನು ಎಳೆಯುತ್ತಿರುವಾಗ ಬೇಲಿಯ ಸಂದಿಯಿಂದ ಸಾವಿತ್ರಮ್ಮ ಬಂದರು. ಯಾರ ಮುಖವನ್ನೂ ನೋಡಲಿಲ್ಲ. ಬಲಗೈಯಲ್ಲಿ ಹಪ್ಪಳ ಒಟ್ಟುಮಾಡಿ, ಎಡತೋಳಿನ ಮೇಲೆ ಪೇರಿಸಿಕೊಂಡು ಜಗುಲಿಗೆ ತಂದು ಹಾಕಿದರು. ಮತ್ತೆ ಇಳಿದರು, ಮತ್ತೆ ತಂದರು.

ಮಳೆ ಜೋರಾಯಿತು. ಎಲ್ಲರೂ ಜಗುಲಿಯಲ್ಲಿ ಸೀರೆ ಹಿಂಡಿಕೊಳ್ಳುತ್ತ ನಿಂತರು. ಎತ್ತುವ ಕೆಲಸ ಮುಗಿದಿತ್ತು. ಒತ್ತಲು ಕರೆ ಬಂದಿರಲಿಲ್ಲ, ಇನ್ನು ಸಾವಿತ್ರಮ್ಮ ಮನೆಗೆ ಹೋಗಬೇಕು. ಅವರು ಹೋಗಲಿಲ್ಲ. ಪರಾತದಲ್ಲಿ ಉಳಿದಿದ್ದ ಉಂಡೆಗಳ ಮುಂದೆ ಕೂತು, ಮಣೆ ಎಳೆದುಕೊಂಡು ಒಂದು ಹಪ್ಪಳ ಒತ್ತಿದರು. ಚಂದ್ರನಂತೆ ದುಂಡಗೆ ಬಂತು. ಯಾರೂ ಬೇಡ ಎನ್ನಲಿಲ್ಲ. ಗೌರಕ್ಕ ಎದುರಿಗೆ ಕೂತು ಉಂಡೆ ಕಟ್ಟಿಕೊಡತೊಡಗಿದರು. ಇನ್ನೂ ಐದಾರು ಹಪ್ಪಳ ಆದ ಮೇಲೆ, ಕೈಯಲ್ಲಿದ್ದ ಉಂಡೆಯನ್ನೇ ನೋಡುತ್ತ ಕೇಳಿದರು:

"ಸಾವಿತ್ರಿ, ಕೈ ನೋಯ್ತದಾ?"

"ನೋಯ್ತದೆ. ಕುಟ್ಟೋದಕ್ಕೆ ಆಗಲ್ಲ, ಒತ್ತೋದಕ್ಕೆ ಆಗ್ತದೆ. ಇವ್ರೇ ಹೇಳಿದಾರೆ, ಕೇಳು ಬೇಕಾದ್ರೆ."

ನಾನು ತಲೆಯಾಡಿಸಿದೆ. "ಉದುರಿದ ಕೂದ್ಲು ಮೊದ್ಲಿಗಿಂತ ದಪ್ಪ ಬಂದಿದೆ ಅಲ್ದಾ?" ಎಂದಳು ಇನ್ನೊಬ್ಬಾಕೆ, ಹಾಳೆಗೆ ಎಣ್ಣೆ ಸವರುತ್ತ. "ಬಂದಿದೆ. ಗುಂಗುರು ಬೇರೆ" ಎಂದರು ಸಾವಿತ್ರಮ್ಮ. ಮುಂದಿನ ಉಂಡೆಯನ್ನು ಹಾಳೆಯ ಮೇಲಿಡುತ್ತ, "ಕ್ಯಾನ್ಸರ್ ಅಂಟೋ ರೋಗ ಅಲ್ಲ, ನೀವು ಹೆದರ್ಬೇಡಿ" ಎಂದರು. ಆ ಪ್ರಯಾಣದಲ್ಲಿ ರೋಗಿಯೊಬ್ಬರ ಬಾಯಲ್ಲಿ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. "ಅದಕ್ಕೆ ಯಾರು ಹೆದರಿದ್ರು ಮಾರಾಯ್ತಿ? ನಿನ್ನ ಕೈಗೆ ಹೆದರಿದ್ವಿ" ಎಂದರು ಗೌರಕ್ಕ. ಸಾವಿತ್ರಮ್ಮನ ಮಣೆ ಒಂದು ಕ್ಷಣ ನಿಂತಿತು. ನಿಂತದ್ದು ಎಲ್ಲರಿಗೂ ಕಂಡಿತು. ಆಮೇಲೆ ಮತ್ತೆ ಒತ್ತಿತು.

ಮಳೆ ಬಿಟ್ಟ ಮೇಲೆ ನಾನು ಹೊರಟು ನಿಂತೆ. ಗೌರಕ್ಕ ಹೇಳಿದರು: "ಸೋಮವಾರ ನಿನ್ನ ಮನೇಲಿ ಹಪ್ಪಳ ಇಟ್ಕ ಸಾವಿತ್ರಿ. ಇವತ್ತಿನ ಮುಯ್ಯಿ ತೀರಿಸ್ತೀವಿ."

ಸಾವಿತ್ರಮ್ಮ ಕೈಗೆ ಅಂಟಿದ ಹಿಟ್ಟು ಬಿಡಿಸಿಕೊಳ್ಳುತ್ತ ಯೋಚಿಸಿದರು. "ಈ ವರ್ಷ ಬೇಡ. ಮುಂದಿನ ವರ್ಷಕ್ಕೆ ಬಾಕಿ ಇರಲಿ."

ಗೌರಕ್ಕನ ಕಣ್ಣು ತುಂಬಿತು, ಅದನ್ನು ಅವರು ಗದರಿಕೆಯಲ್ಲಿ ಮುಚ್ಚಿಕೊಂಡರು. "ಸರಿ. ಆದ್ರೆ ಬಾಕಿ ಬರ್ಬೇಕಾದೋಳು ಮಾಯ ಆಗೋ ಹಾಗಿಲ್ಲ. ಮೊದ್ಲು ಬೆಂಗ್ಳೂರಿಗೆ ಹೋಗಿ ತೋರಿಸ್ಕಂಡು ಬಾ. ಬೇಕಾದ್ರೆ ನಾನೂ ಬರ್ತೀನಿ."

ಸಂಜೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕುದುರೆಮುಖದ ಅದಿರು ಕಂಪನಿಯ ನಾಲ್ವರು ನೌಕರರು ಹಿಂದಿನ ಸೀಟಿನಲ್ಲಿ ನಿದ್ದೆಹೋಗಿದ್ದರು. ಮಡಿಲಲ್ಲಿ ಗೌರಕ್ಕ ಕೊಟ್ಟ ಹಪ್ಪಳದ ಕಟ್ಟು, ನಾನು ಒತ್ತಿದ, ಇನ್ನೂ ಅರೆ ಹಸಿಯಾದ ಕರ್ನಾಟಕದ ನಕ್ಷೆಯೂ ಅದರಲ್ಲಿತ್ತು. ನನಗೆ ಸಂತೋಷವಾಗಿತ್ತು. ಹಾಗಾಗಿ ತಿರುವುಗಳು ಕೂಡ ಅಷ್ಟಾಗಿ ಕಾಡಲಿಲ್ಲ.

ಗುಂಪು ಆಯಿತೇ ಎಂದು ಡಾಕ್ಟರು ಕೇಳಿದರು. ಆಗಲಿಲ್ಲ ಎಂದೆ. ಯಾಕೆಂದರೆ ಕಳಸದ ಜಗುಲಿಯಲ್ಲಿ ಕುರ್ಚಿ ಇರಲಿಲ್ಲ, ರೋಗಿ ಒಬ್ಬರೇ, ಎಲ್ಲರ ಕೈಯಲ್ಲೂ ಕೆಲಸ, ಎಲ್ಲರ ಕಣ್ಣೂ ಹಿಟ್ಟಿನ ಮೇಲೆ. ಕೆಲವು ವರ್ಷಗಳ ಮೇಲೆ ಬೇರೆ ಸಂಶೋಧಕರು ಅದೇ ಪ್ರಯೋಗವನ್ನು ಮತ್ತೆ ಮಾಡಿದರು. ಒಟ್ಟಿಗೆ ಕೂತು ಮಾತಾಡಿದರೆ ಮನಸ್ಸಿನ ನೋವು ಕಡಿಮೆಯಾಗುತ್ತದೆ, ಆಯುಷ್ಯ ಹೆಚ್ಚುತ್ತದೆ ಎನ್ನಲಾಗದು ಎಂದರು. ನಮ್ಮ ಡಾಕ್ಟರು ಅದನ್ನು ಓದಿ ಪೆಚ್ಚಾದರು.

ಆದರೆ ಅದು ಆಮೇಲಿನ ಮಾತು. ಆ ವರ್ಷ ಜೂನಿನಲ್ಲಿ ಸಾವಿತ್ರಮ್ಮ ತಪಾಸಣೆಗೆ ಬಂದರು, ಜೊತೆಗೆ ಗೌರಕ್ಕ ಇದ್ದರು. ಡಾಕ್ಟರು ನೋಡಿ, ಸದ್ಯಕ್ಕೆ ಏನೂ ಇಲ್ಲ, ಮುಂದಿನ ತಪಾಸಣೆಗಳು ಯಾವ ಯಾವ ತಿಂಗಳು ಅನುಕೂಲ ಎಂದು ಕೇಳಿದರು.

"ಏಪ್ರಿಲ್ ಒಂದು ಬಿಟ್ಟು ಯಾವಾಗ ಬೇಕಾದ್ರೂ ಹೇಳಿ ಡಾಕ್ಟ್ರೇ" ಎಂದರು ಸಾವಿತ್ರಮ್ಮ. "ಏಪ್ರಿಲ್‌ನಲ್ಲಿ ನಮ್ಮನೇಲಿ ಹಪ್ಪಳ ಇದೆ."